ಅಮೆರಿಕದಲ್ಲಿ ಎಂಎಸ್ ಓದುವವರಿಗೆ ಮೊದಲ ಬೇಸಿಗೆಯ ಇಂಟರ್ನ್‌ಶಿಪ್: ಇಳಿದ ದಿನದಿಂದ ಟ್ಯಾಕ್ಸ್ ತುಂಬುವವರೆಗೆ

ಅಮೆರಿಕಕ್ಕೆ ಎಂಎಸ್ ಓದಲು ಹೋದ ಮೊದಲ ವರ್ಷ ನಾನು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಲು ಶುರು ಮಾಡಿದ್ದು ಫೆಬ್ರವರಿಯಲ್ಲಿ. ಬೇಸಿಗೆಯ ಕೆಲಸ ಅಲ್ವಾ, ಚಳಿಗಾಲ ಕಳೆಯಲಿ ಅಂದುಕೊಂಡಿದ್ದೆ. ಹುಡುಕಲು ಕೂತಾಗ ಒಂದೊಂದೇ ಬಾಗಿಲು ಮುಚ್ಚಿರುವುದು ಕಂಡಿತು. ನಾನು ಆಸೆಪಟ್ಟಿದ್ದ ದೊಡ್ಡ ಕಂಪನಿಗಳು ಆ ಬೇಸಿಗೆಗೆ ಬೇಕಾದವರನ್ನು ದೀಪಾವಳಿಯ ಹೊತ್ತಿಗೇ ಆರಿಸಿಕೊಂಡಿದ್ದವು. ನಮ್ಮದು ಹಾಸನದ ಕಡೆಯ ಬೇಸಾಯದ ಮನೆ. ಹದ ನೋಡಿ ಬಿತ್ತಬೇಕು ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಆದರೆ ಈ ಹೊಲದ ಹದ ಯಾವಾಗ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಏಪ್ರಿಲ್‌ನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಕಾಗದಪತ್ರದಲ್ಲಿ ಎಡವಿದೆ. ಅದನ್ನು ಮುಂದೆ ಹೇಳುತ್ತೇನೆ. ಆಮೇಲೆ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರಿಗೆ ಇದೇ ಸಂಗತಿಗಳನ್ನು ಅಡುಗೆಮನೆಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದೇನೆ. ಈಗ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ. ಇಲ್ಲಿರುವುದು ಎಫ್-1 ವೀಸಾದಲ್ಲಿ ಓದುವವರ ನಿಯಮಗಳು. ನಿಯಮ ಬದಲಾಗುತ್ತಿರುತ್ತದೆ. ಹಾಗಾಗಿ ಯಾವುದೇ ಹೆಜ್ಜೆ ಇಡುವ ಮುಂಚೆ ನಿಮ್ಮ ವಿಶ್ವವಿದ್ಯಾಲಯದ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಯನ್ನು ಕೇಳಿ. ಸೀನಿಯರ್ ಹೇಳಿದರು ಅಂತ ನಂಬಿ ಮುಂದುವರಿಯಬೇಡಿ.

ಹೆಜ್ಜೆ 1: ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಸಾಮಾನ್ಯವಾಗಿ ತರಗತಿ ಶುರುವಾಗುವುದು ಆಗಸ್ಟ್ ಕೊನೆಯಲ್ಲಿ. ದೊಡ್ಡ ಕಂಪನಿಗಳ ಇಂಟರ್ನ್‌ಶಿಪ್ ಅರ್ಜಿಗಳು ತೆರೆದುಕೊಳ್ಳುವುದೂ ಆಗಲೇ. ಸೆಪ್ಟೆಂಬರ್‌ನಲ್ಲಿ ಕ್ಯಾಂಪಸ್‌ನ ಕರಿಯರ್ ಫೇರ್, ಅಂದರೆ ಉದ್ಯೋಗ ಮೇಳ. ಅಕ್ಟೋಬರ್, ನವೆಂಬರ್‌ನಲ್ಲಿ ಇಂಟರ್ವ್ಯೂಗಳು. ನವೆಂಬರ್‌ನಿಂದ ಫೆಬ್ರವರಿವರೆಗೆ ಮಧ್ಯಮ ಗಾತ್ರದ ಕಂಪನಿಗಳು ಜನರನ್ನು ಹುಡುಕುತ್ತವೆ. ಸ್ಟಾರ್ಟ್‌ಅಪ್‌ಗಳು, ಊರಿನ ಆಸುಪಾಸಿನ ಸಣ್ಣ ಕಂಪನಿಗಳು ಮಾರ್ಚ್, ಏಪ್ರಿಲ್‌ನಲ್ಲಿ ಎಚ್ಚರವಾಗುತ್ತವೆ. ಫೆಬ್ರವರಿಯಲ್ಲಿ ಇದನ್ನು ಓದುತ್ತಿದ್ದರೆ ಕೈಚೆಲ್ಲಬೇಡಿ, ದೊಡ್ಡವರನ್ನು ಬಿಟ್ಟು ಸಣ್ಣವರ ಕಡೆ ತಿರುಗಿ. ನನಗೆ ಕೆಲಸ ಸಿಕ್ಕಿದ್ದೂ ಹಾಗೇ.

ಇನ್ನೊಂದು ಲೆಕ್ಕ ಈಗಲೇ ಗೊತ್ತಿರಲಿ. ಕ್ಯಾಂಪಸ್ ಹೊರಗೆ ಇಂಟರ್ನ್‌ಶಿಪ್ ಮಾಡಲು ಬೇಕಾದ ಅನುಮತಿಗೆ ಸಿಪಿಟಿ ಅನ್ನುತ್ತಾರೆ. ಅದು ಸಿಗಬೇಕಾದರೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಫುಲ್‌ಟೈಮ್ ಓದಿರಬೇಕು. ಆಗಸ್ಟ್‌ನಲ್ಲಿ ಸೇರಿದವರಿಗೆ ಮೇ ಹೊತ್ತಿಗೆ ಎರಡು ಸೆಮಿಸ್ಟರ್ ಆಗಿರುತ್ತದೆ. ಜನವರಿಯಲ್ಲಿ ಸೇರಿದವರಿಗೆ ಮೊದಲ ಬೇಸಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕೋರ್ಸಿನ ಶುರುವಿನಲ್ಲೇ ಇಂಟರ್ನ್‌ಶಿಪ್ ಕಡ್ಡಾಯ ಎಂದಿರುವ ಕೆಲವು ಪದವಿಗಳಿಗೆ ಮಾತ್ರ ವಿನಾಯಿತಿ ಇದೆ. ಇನ್ನೂ ವಿಶ್ವವಿದ್ಯಾಲಯ ಆರಿಸುವ ಹಂತದಲ್ಲಿ ಇರುವವರು ಇದನ್ನೂ ತೂಗಿ ನೋಡಿ.

ಹೆಜ್ಜೆ 2: ಮೊದಲ ತಿಂಗಳು ಕ್ಯಾಂಪಸ್‌ನಲ್ಲಿ ನೆಲೆ ಕಂಡುಕೊಳ್ಳಿ

ಇಂಟರ್ನ್‌ಶಿಪ್ ಮಾರ್ಗದರ್ಶಿಯಲ್ಲಿ ಕ್ಯಾಂಪಸ್ ಬದುಕಿನ ಮಾತು ಯಾಕೆ ಅಂತ ಅನ್ನಿಸಬಹುದು. ಎರಡೂ ಬೇರೆ ಅಲ್ಲ. ನನಗೆ ಸಿಕ್ಕ ಕೆಲಸದ ಸುಳಿವು ಬಂದಿದ್ದು ಒಬ್ಬ ಪ್ರೊಫೆಸರರಿಂದ. ಅವರ ಆಫೀಸ್ ಅವರ್ಸ್‌ಗೆ ನಾನು ಹೋಗದೆ ಇದ್ದಿದ್ದರೆ ನನ್ನ ಹೆಸರೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ಆಫೀಸ್ ಅವರ್ಸ್ ಅಂದರೆ ವಾರಕ್ಕೆ ಒಂದೆರಡು ಗಂಟೆ ಪ್ರೊಫೆಸರ್ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಕೂರುವ ಹೊತ್ತು. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆದರೆ ಏನೋ ತಪ್ಪಾಗಿದೆ ಅಂತ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಪಾಠದ ಒಂದು ಪ್ರಶ್ನೆ ಹಿಡಿದು ಹೋಗಿ. ಮೂರನೇ ಸಲ ಹೋಗುವಷ್ಟರಲ್ಲಿ ನಿಮ್ಮ ಆಸಕ್ತಿ ಏನು, ಹಿಂದೆ ಏನು ಮಾಡಿದ್ದಿರಿ ಅಂತ ಅವರೇ ಕೇಳುತ್ತಾರೆ. ಅನೇಕರು ಹೆಸರು ಹಿಡಿದೇ ಕರೆಯಿರಿ ಅನ್ನುತ್ತಾರೆ. ಬಾಯಿಗೆ ಬರದಿದ್ದರೆ ಪ್ರೊಫೆಸರ್ ಅಂದರೂ ಸಾಕು, 'ಸರ್, ಸರ್' ಬೇಡ.

ಕ್ಯಾಂಪಸ್ ಒಳಗೆ ಕೆಲಸ ಮಾಡಲು ಸಿಪಿಟಿ ಬೇಡ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಅದಕ್ಕಿಂತ ಜಾಸ್ತಿಯೂ ಮಾಡಬಹುದು. ಲೈಬ್ರರಿ, ಡೈನಿಂಗ್ ಹಾಲ್, ಜಿಮ್‌ನ ಕೌಂಟರ್, ಲ್ಯಾಬ್, ಟಿಎ (ಪಾಠಕ್ಕೆ ಸಹಾಯಕ), ಆರ್‌ಎ (ಸಂಶೋಧನೆಗೆ ಸಹಾಯಕ), ಯಾವುದಾದರೂ ಸರಿ. ನಾನು ಒಂದು ಸೆಮಿಸ್ಟರ್ ಡೈನಿಂಗ್ ಹಾಲ್‌ನಲ್ಲಿ ಪಾತ್ರೆ ತೊಳೆದೆ. ಅಲ್ಲಿ ಕಲಿತ ಇಂಗ್ಲಿಷ್ ಮಾತುಕತೆ, ಅಲ್ಲಿ ಸಿಕ್ಕ ಗೆಳೆಯರು ಇಂಟರ್ವ್ಯೂನಲ್ಲಿ ನನ್ನ ಕೈಹಿಡಿದರು. ಆದರೆ ಕ್ಯಾಂಪಸ್ ಹೊರಗೆ ಪೆಟ್ರೋಲ್ ಬಂಕ್‌ನಲ್ಲೋ ಅಂಗಡಿಯಲ್ಲೋ ಕೈಗೆ ಕಾಸು ಕೊಡುತ್ತೇವೆ ಬಾ ಅಂದರೆ ಹೋಗಲೇಬೇಡಿ. ಊರಿನಲ್ಲಿ ಬ್ಯಾಂಕ್ ಸಾಲದ ಕಂತು ಕಾಯುತ್ತಿದೆ, ಬಾಡಿಗೆ ಕಟ್ಟಬೇಕು, ಆ ಸಂಕಟ ನನಗೆ ಗೊತ್ತು. ಆದರೂ ಅನುಮತಿಯಿಲ್ಲದ ಕೆಲಸ ಸಿಕ್ಕಿಬಿದ್ದರೆ ವೀಸಾ ಸ್ಟೇಟಸ್ಸೇ ಹೋಗುತ್ತದೆ. ಓದು, ಸಾಲ, ಅಪ್ಪ ಅಮ್ಮನ ನಂಬಿಕೆ ಎಲ್ಲವೂ ಅದರ ಜೊತೆ ಹೋಗುತ್ತದೆ.

ಅಸೈನ್‌ಮೆಂಟ್ ವಿಷಯ ಒಂದು ಮಾತು. ಎಂಜಿನಿಯರಿಂಗ್‌ನಲ್ಲಿ ರೆಕಾರ್ಡ್ ಪುಸ್ತಕ ನೋಡಿ ಬರೆಯುವುದು ನಮಗೆ ಮಾಮೂಲು. ಇಲ್ಲಿ ಗೆಳೆಯನ ಕೋಡ್ ನೋಡಿ ನಾಲ್ಕು ಸಾಲು ಬರೆದರೂ ಕೊಟ್ಟವನು, ತಗೊಂಡವನು ಇಬ್ಬರೂ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ.

ಊಟ, ನಿದ್ದೆ, ಮನಸ್ಸು ಇವನ್ನೂ ನೋಡಿಕೊಳ್ಳಿ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದೂವರೆಗೆಲ್ಲ ಕತ್ತಲು. ನನಗೆ ಆಗ ತುಂಬಾ ಕಷ್ಟವಾಯಿತು. ಎಂಟಿಆರ್ ಪುಳಿಯೋಗರೆ ಪುಡಿ ಕಲಸಿಕೊಂಡು ತಿಂದು, ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಿ, ಆಮೇಲೆ ಒಬ್ಬನೇ ಕೂತಿರುತ್ತಿದ್ದೆ. ಬಹುತೇಕ ಕ್ಯಾಂಪಸ್‌ಗಳಲ್ಲಿ ಕೌನ್ಸೆಲಿಂಗ್ ಸೆಂಟರ್ ಇರುತ್ತದೆ. ಅಲ್ಲಿ ಹೋಗುವುದಕ್ಕೆ ಸಂಕೋಚ ಬೇಡ. ತೀರಾ ತಡೆಯಲಾಗದ ಹೊತ್ತಿನಲ್ಲಿ 988ಕ್ಕೆ ಕರೆ ಮಾಡಬಹುದು, ಅದು ಹಗಲು ರಾತ್ರಿ ಇರುತ್ತದೆ. ಹುಷಾರು ತಪ್ಪಿದರೆ ಮೊದಲು ಕ್ಯಾಂಪಸ್‌ನ ಹೆಲ್ತ್ ಸೆಂಟರ್‌ಗೆ ಹೋಗಿ, ಅದು ಮುಚ್ಚಿದ್ದರೆ ಅರ್ಜೆಂಟ್ ಕೇರ್ ಅನ್ನುವ ಕ್ಲಿನಿಕ್‌ಗೆ. ಎಮರ್ಜೆನ್ಸಿ ವಾರ್ಡಿನ ಬಿಲ್ಲು ತುಂಬಾ ದುಬಾರಿ. ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಬಿಲ್ಲಿನ ಯೋಚನೆ ಬಿಟ್ಟು 911 ಒತ್ತಿ.

ಹೆಜ್ಜೆ 3: ರೆಸ್ಯೂಮೆ ಹೊಸದಾಗಿ ಬರೆಯಿರಿ

ಬೆಂಗಳೂರಿನಲ್ಲಿ ಕೊಟ್ಟಿದ್ದ ರೆಸ್ಯೂಮೆ ಇಲ್ಲಿ ನಡೆಯುವುದಿಲ್ಲ. ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು, ಮದುವೆಯಾಗಿದೆಯೋ ಇಲ್ಲವೋ, ಪಾಸ್‌ಪೋರ್ಟ್ ನಂಬರ್, ಎಸ್ಸೆಸ್ಸೆಲ್ಸಿ ಅಂಕ ಎಲ್ಲ ತೆಗೆದುಬಿಡಿ. ಒಂದೇ ಪುಟ ಸಾಕು. ಸಿಜಿಪಿಎ 8.4/10 ಇದ್ದರೆ ಹಾಗೇ ಬರೆಯಿರಿ, ನಾಲ್ಕರ ಲೆಕ್ಕಕ್ಕೆ ನೀವಾಗಿಯೇ ಬದಲಿಸಬೇಡಿ.

ಪ್ರಾಜೆಕ್ಟ್ ಬರೆಯುವಾಗ ಏನು ಮಾಡಿದಿರಿ, ಯಾವುದರಿಂದ ಮಾಡಿದಿರಿ, ಏನು ಫಲ ಬಂತು ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು. 'ಬಸ್ ಟ್ರ್ಯಾಕಿಂಗ್ ಸಿಸ್ಟಂ ಪ್ರಾಜೆಕ್ಟ್' ಅಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. 'ಪೈಥಾನ್‌ನಲ್ಲಿ ಮಾಡೆಲ್ ಕಟ್ಟಿ, ಎರಡು ಮಾರ್ಗಗಳ ಬಸ್ ಬರುವ ಹೊತ್ತನ್ನು ಸರಾಸರಿ ನಾಲ್ಕು ನಿಮಿಷದ ಅಂತರದಲ್ಲಿ ಅಂದಾಜಿಸಿದೆ' ಅಂದರೆ ಗೊತ್ತಾಗುತ್ತದೆ. ನಿಜವಾಗಿ ಬಂದ ಅಂಕಿಯನ್ನೇ ಬರೆಯಿರಿ, ಇಂಟರ್ವ್ಯೂನಲ್ಲಿ ಅದನ್ನೇ ಕೆದಕುತ್ತಾರೆ. ಬೆಂಗಳೂರಿನಲ್ಲಿ ಒಂದೆರಡು ವರ್ಷ ಕೆಲಸ ಮಾಡಿದ್ದರೆ ಅದು ಓದಿಗಿಂತ ಮೇಲೆ ಬರಲಿ. ಅದಕ್ಕೆ ಇಲ್ಲಿ ಬೆಲೆ ಇದೆ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಇಡೀ ಹೆಸರು ಸರ್‌ನೇಮ್ ಜಾಗದಲ್ಲಿ ಕೂತುಬಿಟ್ಟರೆ ವೀಸಾದಲ್ಲಿ ಮೊದಲ ಹೆಸರು 'ಎಫ್‌ಎನ್‌ಯು' ಎಂದು ಬರುತ್ತದೆ. ಹೆಸರು ಗೊತ್ತಿಲ್ಲ ಅನ್ನುವುದರ ಸಂಕೇತ ಅದು. ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಸಂಬಳದ ಚೀಟಿ ಎಲ್ಲ ಕಡೆಯೂ ಅದು ಹಿಂದೆಯೇ ಬರುತ್ತದೆ. ಇನ್ನೂ ವೀಸಾಗೆ ಹೋಗಿಲ್ಲದಿದ್ದರೆ ಪಾಸ್‌ಪೋರ್ಟ್ ಮೊದಲು ಸರಿಮಾಡಿಸಿ. ಆಗಲೇ ಬಂದುಬಿಟ್ಟಿದ್ದರೆ ರೆಸ್ಯೂಮೆಯಲ್ಲಿ ನಿಮ್ಮನ್ನು ಕರೆಯುವ ಹೆಸರು ಬರೆಯಿರಿ. ಸರ್ಕಾರಿ ಫಾರಂಗಳಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ.

ಹೆಜ್ಜೆ 4: ಅರ್ಜಿ ಹಾಕಿ, ಜೊತೆಗೆ ಜನರನ್ನೂ ಮಾತಾಡಿಸಿ

ಅನೇಕ ಕ್ಯಾಂಪಸ್‌ಗಳಲ್ಲಿ ಹ್ಯಾಂಡ್‌ಶೇಕ್ ಎಂಬ ಜಾಲತಾಣವಿದೆ. ಅಲ್ಲಿ ಬರುವ ಕಂಪನಿಗಳು ನಿಮ್ಮ ವಿಶ್ವವಿದ್ಯಾಲಯದಿಂದಲೇ ಹುಡುಗರು ಬೇಕು ಅಂತ ಬಂದಿರುತ್ತವೆ. ಮೊದಲು ಅದನ್ನು ನೋಡಿ, ಆಮೇಲೆ ಲಿಂಕ್ಡ್‌ಇನ್, ಆಮೇಲೆ ಕಂಪನಿಗಳ ಸ್ವಂತ ಪುಟ. ಅಮೆರಿಕದಲ್ಲಿ 2023-24ರಲ್ಲಿ ಇದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಅವರಲ್ಲಿ ಬಹಳ ಜನ ನೀವು ನೋಡುತ್ತಿರುವ ಅದೇ ಕೆಲಸಗಳನ್ನೇ ನೋಡುತ್ತಿರುತ್ತಾರೆ. ಸುಮ್ನೆ ಬಟನ್ ಒತ್ತಿ ನೂರು ಅರ್ಜಿ ಹಾಕುವುದಕ್ಕಿಂತ, ಜಾಹೀರಾತು ಬಂದ ಎರಡು ದಿನದೊಳಗೆ ಅದಕ್ಕೆ ತಕ್ಕ ರೆಸ್ಯೂಮೆ ತಿದ್ದಿ ಹತ್ತು ಹಾಕುವುದು ಮೇಲು. ಯಾವ ದಿನ, ಯಾವ ಕಂಪನಿ, ಯಾವ ರೆಸ್ಯೂಮೆ ಅಂತ ಒಂದು ಶೀಟ್‌ನಲ್ಲಿ ಬರೆದಿಡಿ.

ಕರಿಯರ್ ಫೇರ್‌ಗೆ ಹೋಗುವ ಮುಂಚೆ ಯಾವ ಕಂಪನಿಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ ಅಂತ ಪಟ್ಟಿ ನೋಡಿಕೊಳ್ಳಿ. ರಕ್ಷಣಾ ವಲಯದ ಕಂಪನಿಗಳಲ್ಲಿ ಎಷ್ಟೋ ಕೆಲಸಗಳು ಅಮೆರಿಕದ ನಾಗರಿಕರಿಗೆ ಮಾತ್ರ. ಅಲ್ಲಿ ಸಾಲಿನಲ್ಲಿ ನಿಂತು ಅರ್ಧ ಗಂಟೆ ಕಳೆಯಬೇಡಿ. ಉಳಿದ ಕಡೆ ಅರ್ಧ ನಿಮಿಷದ ಪರಿಚಯ ಸಾಕು: ಹೆಸರು, ಏನು ಓದುತ್ತಿದ್ದೀರಿ, ಹಿಂದೆ ಮಾಡಿದ ಒಂದು ಕೆಲಸ, ಈ ಕಂಪನಿಯಲ್ಲಿ ಯಾವ ತಂಡ ನಿಮಗೆ ಇಷ್ಟ. ಹೆಸರನ್ನು ನಿಧಾನವಾಗಿ ಬಿಡಿಸಿ ಹೇಳಿ. ಮೊಟಕು ಮಾಡಲೇಬೇಕು ಅಂತೇನಿಲ್ಲ.

ರೆಫರಲ್ ಕೇಳುವುದಕ್ಕೆ ನಾಚಿಕೆ ಬೇಡ, ಕೇಳುವ ರೀತಿ ಮಾತ್ರ ನೆಟ್ಟಗಿರಲಿ. 'ಸರ್ ಪ್ಲೀಸ್ ರೆಫರ್ ಮಿ' ಅಂತ ಒಂದು ಸಾಲು ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ನೀವು ಯಾರು, ಕೆಲಸದ ನಂಬರ್ ಯಾವುದು, ಅದಕ್ಕೆ ನೀವು ಹೇಗೆ ಹೊಂದುತ್ತೀರಿ ಅಂತ ಐದು ಸಾಲು ಬರೆದು ರೆಸ್ಯೂಮೆ ಸೇರಿಸಿ ಕಳಿಸಿ. ಆಗ ಅವರು ಓದಿ ಮುಂದಕ್ಕೆ ಕಳಿಸುವುದಷ್ಟೇ ಕೆಲಸ. ಊರಿನ ಕಾಲೇಜಿನ ಸೀನಿಯರ್‌ಗಳನ್ನು ಹುಡುಕಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೋ ಯುಗಾದಿಗೋ ಹೋಗಿ ಕುರ್ಚಿ ಜೋಡಿಸಲು, ಊಟ ಬಡಿಸಲು ಕೈ ಹಾಕಿ. ಅಲ್ಲಿ ಸಿಗುವ ಅಣ್ಣ ಅಕ್ಕಂದಿರು ಇಪ್ಪತ್ತು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿರುವವರು. ಹೋದ ತಕ್ಷಣ ಕೆಲಸ ಕೇಳಬೇಡಿ. ಪರಿಚಯ ಬೆಳೆದ ಮೇಲೆ ಅವರೇ ಏನು ನಡೀತಿದೆ ಅಂತ ವಿಚಾರಿಸುತ್ತಾರೆ.

ಹೆಜ್ಜೆ 5: ಸ್ಪಾನ್ಸರ್‌ಶಿಪ್ ಪ್ರಶ್ನೆಗೆ ನಿಜ ಹೇಳಿ

ಅರ್ಜಿಗಳಲ್ಲಿ ಪದೇ ಪದೇ ಬರುವ ಪ್ರಶ್ನೆ: ಈಗ ಅಥವಾ ಮುಂದೆ ನಿಮಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ? ಓದಿನ ನಂತರ ಎಚ್-1ಬಿ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ, ಬೇಕು ಅಂತಿದ್ದರೆ ಉತ್ತರ ಹೌದು. ಸುಳ್ಳು ಹಾಕಿದರೆ ಆಫರ್ ಬಂದ ಮೇಲೂ ಹಿಂದಕ್ಕೆ ಪಡೆಯಬಹುದು. ಕೆಲವರು ಹೌದು ಅಂದ ತಕ್ಷಣ ಅರ್ಜಿ ಪಕ್ಕಕ್ಕಿಡುತ್ತಾರೆ, ಅದು ನೋವಿನ ಸಂಗತಿ. ಆದರೆ ಸಣ್ಣ ಕಂಪನಿಗಳಲ್ಲಿ ಎಷ್ಟೋ ಸಲ ಅವರಿಗೆ ವಿಷಯವೇ ಗೊತ್ತಿರುವುದಿಲ್ಲ. ಮಾತಾಡಲು ಅವಕಾಶ ಸಿಕ್ಕರೆ ಹೀಗೆ ಹೇಳಿ: ಇಂಟರ್ನ್‌ಶಿಪ್‌ಗೆ ಬೇಕಾದ ಅನುಮತಿಯನ್ನು ನನ್ನ ವಿಶ್ವವಿದ್ಯಾಲಯವೇ ಕೊಡುತ್ತದೆ. ನೀವು ಸರ್ಕಾರಕ್ಕೆ ಯಾವ ಅರ್ಜಿಯನ್ನೂ ಹಾಕಬೇಕಿಲ್ಲ, ಶುಲ್ಕವೂ ಇಲ್ಲ, ಒಂದು ಆಫರ್ ಪತ್ರ ಸಾಕು. ಪದವಿ ಮುಗಿದ ಮೇಲೆ ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಸಿಗುವ ಅನುಮತಿಯಲ್ಲಿ, 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನದ ಪದವಿಯಾದರೆ ಇನ್ನೂ 24 ತಿಂಗಳು ಮುಂದುವರಿಸಲು ಅರ್ಜಿ ಹಾಕಬಹುದು. ನನಗೆ ಕೆಲಸ ಕೊಟ್ಟ ಮ್ಯಾನೇಜರ್‌ಗೆ ಇಷ್ಟು ಹೇಳಿದ ಮೇಲೆ ಅವರ ಮುಖದ ಚಿಂತೆ ಇಳಿದಿದ್ದು ನನಗೆ ಈಗಲೂ ನೆನಪಿದೆ.

ಹೆಜ್ಜೆ 6: ಇಂಟರ್ವ್ಯೂ

ನಾವು 'ನಾವು ಮಾಡಿದೆವು' ಅನ್ನುತ್ತೇವೆ. ಅದು ನಮ್ಮ ಸಂಸ್ಕಾರ, ತಪ್ಪಲ್ಲ. ಆದರೆ ಕೇಳುವವರಿಗೆ ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ತಿಳಿಯುವುದಿಲ್ಲ. ನಾನು ಇದನ್ನು ಮಾಡಿದೆ, ಗೆಳೆಯರು ಅದನ್ನು ಮಾಡಿದರು ಅಂತ ಬಿಡಿಸಿ ಹೇಳಿ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ಏನು ಮಾಡಿದಿರಿ, ಏನಾಯಿತು ಈ ಕ್ರಮದಲ್ಲಿ ನಾಲ್ಕೈದು ಕಥೆ ಸಿದ್ಧಮಾಡಿಕೊಂಡರೆ ಬಹುತೇಕ ಪ್ರಶ್ನೆಗಳಿಗೆ ಸಾಕಾಗುತ್ತದೆ. ಕೋಡಿಂಗ್ ಇಂಟರ್ವ್ಯೂನಲ್ಲಿ ಮೌನವಾಗಿ ಯೋಚಿಸಬೇಡಿ, ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. ಟೈಮ್ ಝೋನ್ ಎರಡು ಸಲ ನೋಡಿ. ಡಲ್ಲಾಸ್‌ನಲ್ಲಿ ಕೂತವರಿಗೆ ಕ್ಯಾಲಿಫೋರ್ನಿಯಾದ ಹತ್ತು ಗಂಟೆ ಅಂದರೆ ಮಧ್ಯಾಹ್ನ ಹನ್ನೆರಡು.

ಹೆಜ್ಜೆ 7: ಆಫರ್ ಬಂತು, ಇನ್ನು ಸಿಪಿಟಿ

ನಾನು ಎಡವಿದ್ದು ಇಲ್ಲೇ. ಮೇ 20ರಿಂದ ಕೆಲಸ ಅಂತ ಆಫರ್ ಬಂದಿತ್ತು. ಪರೀಕ್ಷೆ ಮುಗಿಸಿಕೊಂಡು ಮೇ 8ಕ್ಕೆ ಸಿಪಿಟಿ ಅರ್ಜಿ ಹಾಕಲು ಹೋದೆ. ಇಲಾಖೆಯ ಸಲಹೆಗಾರರ ಸಹಿ ಬೇಕಿತ್ತು, ಅವರು ರಜೆಯ ಮೇಲೆ ಹೋಗಿದ್ದರು. ಇಂಟರ್ನ್‌ಶಿಪ್ ಕೋರ್ಸಿಗೆ ಹೆಸರು ಹಚ್ಚಿಸಿರಲಿಲ್ಲ. ಕೊನೆಗೆ ಅನುಮತಿ ಬಂದಿದ್ದು 29ಕ್ಕೆ. ನಡುವೆ ಕಂಪನಿಯವರು, ಪರವಾಗಿಲ್ಲ, ಮನೆಯಿಂದಲೇ ಓರಿಯೆಂಟೇಶನ್‌ಗೆ ಕೂತುಬಿಡಿ ಅಂದರು. ಡಿಎಸ್‌ಒ ಸ್ಪಷ್ಟವಾಗಿ ಬೇಡ ಅಂದರು. ಓರಿಯೆಂಟೇಶನ್ನೂ ಕೆಲಸವೇ. ಕಂಪನಿಯವರು ಒಳ್ಳೆಯವರು, ಒಂಬತ್ತು ದಿನ ಕಾದರು. ಎಲ್ಲರೂ ಕಾಯುತ್ತಾರೆ ಅಂತ ಹೇಳಲಾಗದು.

ಹಾಗಾಗಿ ಆಫರ್ ಕೈಗೆ ಬಂದ ವಾರವೇ ಈ ಕ್ರಮದಲ್ಲಿ ಮುಗಿಸಿ.

1. ಕಂಪನಿಯ ಲೆಟರ್‌ಹೆಡ್‌ನಲ್ಲಿ ಆಫರ್ ಪತ್ರ ತೆಗೆದುಕೊಳ್ಳಿ. ಕೆಲಸದ ಹೆಸರು, ಏನು ಕೆಲಸ, ಶುರುವಾಗುವ ಮತ್ತು ಮುಗಿಯುವ ದಿನ, ವಾರಕ್ಕೆ ಎಷ್ಟು ಗಂಟೆ, ಕೆಲಸ ಮಾಡುವ ಜಾಗದ ಪೂರ್ತಿ ವಿಳಾಸ ಇರಬೇಕು. ಮುಗಿಯುವ ದಿನವನ್ನು ಬರೆಯಲು ಅನೇಕರು ಮರೆಯುತ್ತಾರೆ, ಕೇಳಿ ಹಾಕಿಸಿ.

2. ಇಲಾಖೆಯ ಸಲಹೆಗಾರರನ್ನು ಕಾಣಿ. ಕೆಲಸ ನಿಮ್ಮ ಓದಿಗೆ ಸಂಬಂಧಪಟ್ಟಿದೆ ಅಂತ ಅವರು ಒಪ್ಪಬೇಕು. ಬಹಳ ಕಡೆ ಒಂದು ಇಂಟರ್ನ್‌ಶಿಪ್ ಕೋರ್ಸಿಗೆ ಸೇರಬೇಕು. ಅದಕ್ಕೆ ಫೀಸೂ ಇರಬಹುದು, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

3. ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಅರ್ಜಿ ಹಾಕಿ. ಸಿಪಿಟಿಗೆ ಸರ್ಕಾರದ ಶುಲ್ಕವಿಲ್ಲ, ಡಿಎಸ್‌ಒ ಅವರೇ ಕೊಡುತ್ತಾರೆ. ಏಪ್ರಿಲ್ ಕೊನೆಗೆ ಅಲ್ಲಿ ಅರ್ಜಿಗಳ ರಾಶಿ ಬಿದ್ದಿರುತ್ತದೆ. ಎರಡು ಮೂರು ವಾರ ಮುಂಚೆ ಹಾಕಿದರೆ ನಿದ್ದೆ ಬರುತ್ತದೆ.

4. ಐ-20 ಅಂದರೆ ನೀವು ತಮ್ಮ ವಿದ್ಯಾರ್ಥಿ ಅಂತ ವಿಶ್ವವಿದ್ಯಾಲಯ ಕೊಡುವ ಕಾಗದ. ಸಿಪಿಟಿ ಸೇರಿಸಿದ ಹೊಸ ಐ-20 ಬಂದಾಗ ಎರಡನೇ ಪುಟ ನೋಡಿ. ಕಂಪನಿಯ ಹೆಸರು, ವಿಳಾಸ, ದಿನಾಂಕ, ಫುಲ್‌ಟೈಮೋ ಪಾರ್ಟ್‌ಟೈಮೋ ಎಲ್ಲ ಅಲ್ಲಿರುತ್ತದೆ. ಒಂದು ಅಕ್ಷರ ತಪ್ಪಿದ್ದರೂ ಸರಿಮಾಡಿಸಿ, ಆಮೇಲೆ ಸಹಿ ಹಾಕಿ.

ಆ ದಿನಾಂಕಗಳೇ ಲಕ್ಷ್ಮಣ ರೇಖೆ. ಒಂದು ದಿನ ಮುಂಚೆ ಶುರುಮಾಡುವಂತಿಲ್ಲ, ಒಂದು ದಿನ ಜಾಸ್ತಿ ಮಾಡುವಂತಿಲ್ಲ. ಕಂಪನಿ ಇನ್ನೆರಡು ವಾರ ಇರು ಅಂದರೆ, ಅವಧಿ ಮುಗಿಯುವ ಮುಂಚೆಯೇ ಡಿಎಸ್‌ಒ ಹತ್ತಿರ ಹೋಗಿ ವಿಸ್ತರಿಸಿಕೊಳ್ಳಿ. ಸಿಪಿಟಿ ಒಂದು ಕಂಪನಿಗೆ ಮಾತ್ರ ಕೊಟ್ಟಿದ್ದು, ಇನ್ನೊಂದು ಕಂಪನಿಗೆ ಇನ್ನೊಂದು ಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ಸಿಕ್ಕರೂ ಸಿಪಿಟಿ ಬೇಡ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ಕೇಳಿ. ಒಂದೇ ಹಂತದ ಓದಿನಲ್ಲಿ ಫುಲ್‌ಟೈಮ್ ಸಿಪಿಟಿ ಒಟ್ಟು 12 ತಿಂಗಳು ಮುಟ್ಟಿದರೆ ಆ ಹಂತದ ಒಪಿಟಿ ಪೂರ್ತಿ ಕೈತಪ್ಪುತ್ತದೆ. ಒಂದು ಬೇಸಿಗೆಯ ಮೂರು ತಿಂಗಳಿಂದ ಏನೂ ಆಗುವುದಿಲ್ಲ.

ಹೆಜ್ಜೆ 8: ಎಸ್‌ಎಸ್‌ಎನ್ ಮತ್ತು ಐ-9

ಎಸ್‌ಎಸ್‌ಎನ್ ಅಂದರೆ ಸಂಬಳ, ಟ್ಯಾಕ್ಸ್ ಎಲ್ಲಕ್ಕೂ ಬೇಕಾದ ಸೋಶಿಯಲ್ ಸೆಕ್ಯುರಿಟಿ ನಂಬರ್. ಕ್ಯಾಂಪಸ್ ಕೆಲಸ ಮಾಡಿದವರಿಗೆ ಆಗಲೇ ಇರುತ್ತದೆ. ಇಲ್ಲದವರು ಕೆಲಸ ಶುರುವಾಗುವ 30 ದಿನ ಮುಂಚಿನಿಂದ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದಿದ್ದರ ದಾಖಲೆ), ಸಿಪಿಟಿ ಇರುವ ಐ-20 ಹಿಡಿದು ಹೋಗಬಹುದು. ದುಡ್ಡು ಕೊಡಬೇಕಿಲ್ಲ. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅದು ಬರುವವರೆಗೆ ನಿಮ್ಮ ವಿಳಾಸ ಬದಲಾಗದ ಹಾಗೆ ನೋಡಿಕೊಳ್ಳಿ. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಕಂಪನಿ ಐ-9 ಫಾರಂಗೆ, ಅಂದರೆ ನಿಮಗೆ ಕೆಲಸ ಮಾಡುವ ಅನುಮತಿ ಇದೆ ಅಂತ ಖಚಿತಮಾಡಿಕೊಳ್ಳುವ ಫಾರಂಗೆ, ಇವೇ ಮೂರು ಕಾಗದ ನೋಡುತ್ತದೆ.

ಹೆಜ್ಜೆ 9: ಮೂರು ತಿಂಗಳಿಗೆ ಮನೆ

ಕೆಲಸ ಬೇರೆ ಊರಿನಲ್ಲಿದ್ದರೆ ಸಬ್‌ಲೀಸ್ ಹುಡುಕಬೇಕು, ಅಂದರೆ ಬೇಸಿಗೆಗೆ ಊರು ಬಿಡುವ ಬೇರೆ ವಿದ್ಯಾರ್ಥಿಯ ಕೋಣೆ. ಅನೇಕ ವಿಶ್ವವಿದ್ಯಾಲಯಗಳು ಬೇಸಿಗೆಯಲ್ಲಿ ಖಾಲಿ ಇರುವ ಹಾಸ್ಟೆಲ್ ಕೋಣೆಗಳನ್ನು ಹೊರಗಿನ ಇಂಟರ್ನ್‌ಗಳಿಗೂ ಕೊಡುತ್ತವೆ. ಮೊದಲು ಅದನ್ನು ವಿಚಾರಿಸಿ, ಮೋಸದ ಭಯ ಕಡಿಮೆ.

ಫೇಸ್‌ಬುಕ್, ವಾಟ್ಸ್ಯಾಪ್ ಗುಂಪಿನಲ್ಲಿ ಸಿಕ್ಕ ಕೋಣೆಗೆ ದುಡ್ಡು ಕಳಿಸುವ ಮುಂಚೆ ಕೋಣೆ ಕೊಡುವವರನ್ನು ಮೂರು ಕೇಳಿ: ವೀಡಿಯೊ ಕಾಲ್‌ನಲ್ಲಿ ಕೋಣೆ ತೋರಿಸಿ, ನಿಮ್ಮ ಹೆಸರಿರುವ ಲೀಸ್ ಪ್ರತಿ ಕಳಿಸಿ, ಮಾಲೀಕರು ಒಪ್ಪಿದ್ದಾರೆ ಅನ್ನುವುದಕ್ಕೆ ಬರಹ ತೋರಿಸಿ. ನನ್ನ ಜೊತೆಗಿದ್ದ ದಾವಣಗೆರೆಯ ಗೆಳೆಯ ಫೋಟೊ ನೋಡಿ, ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಝೆಲ್‌ನಲ್ಲಿ ಅಡ್ವಾನ್ಸ್ ಕಳಿಸಿದ. ಆ ವಿಳಾಸಕ್ಕೆ ಹೋದರೆ ಬೇರೆಯೇ ಕುಟುಂಬ ವಾಸವಾಗಿತ್ತು. ಝೆಲ್‌ನಲ್ಲಿ ನೀವಾಗಿಯೇ ಕಳಿಸಿದ ದುಡ್ಡು ಮರಳಿ ಬರುವುದು ತೀರಾ ಕಷ್ಟ. ನಿಮ್ಮ ಕೋಣೆಯನ್ನು ಬೇಸಿಗೆಗೆ ಬೇರೆಯವರಿಗೆ ಕೊಡುವಾಗಲೂ ಮಾಲೀಕರ ಒಪ್ಪಿಗೆ ಬೇಕು, ಬಂದು ಸೇರಿದವರು ಬಾಡಿಗೆ ಕಟ್ಟದಿದ್ದರೆ ಹೊಣೆ ನಿಮ್ಮದೇ.

ಹೊಸ ಊರಿಗೆ ಹೋದ 10 ದಿನದೊಳಗೆ ಹೊಸ ವಿಳಾಸವನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಿ. ಹೆಲ್ತ್ ಇನ್ಶೂರೆನ್ಸ್ ಬೇಸಿಗೆಗೂ ಇದೆಯಾ, ಆ ಊರಿನಲ್ಲಿ ನಡೆಯುತ್ತಾ ಅಂತಲೂ ನೋಡಿ.

ಹೆಜ್ಜೆ 10: ಹನ್ನೆರಡು ವಾರದ ಕೆಲಸ

ಮೊದಲ ವಾರ ಎಲ್ಲಕ್ಕೂ ತಲೆಯಾಡಿಸಿ ಬಂದುಬಿಡುತ್ತೇವೆ. ನಾನು ಹಾಗೇ ಮಾಡಿ ಮೂರು ದಿನ ಒಂದೇ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದೆ. ಕೇಳಿದರೆ ಗೊತ್ತಿಲ್ಲದವನು ಅಂದುಕೊಳ್ಳುತ್ತಾರೆ ಅನ್ನುವ ಭಯ. ಕೊನೆಗೆ ಕೇಳಿದಾಗ ಪಕ್ಕದವರು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟರು, ಮೊದಲೇ ಕೇಳಬಾರದಿತ್ತಾ ಅಂದರು. ಅಂದಿನಿಂದ ಅರ್ಧ ಗಂಟೆ ನಾನೇ ಒದ್ದಾಡುವುದು, ಆಮೇಲೆ ಕೇಳುವುದು. ಕೇಳುವಾಗ ಏನೇನು ಮಾಡಿ ನೋಡಿದೆ ಅಂತ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

ಮ್ಯಾನೇಜರ್ ಜೊತೆ ವಾರಕ್ಕೊಂದು ಮಾತುಕತೆ ಇಟ್ಟುಕೊಳ್ಳಿ. ಆರನೇ ವಾರದಲ್ಲಿ ನೇರವಾಗಿ ಕೇಳಿ: ನನ್ನ ಕೆಲಸ ಹೇಗಿದೆ, ಉಳಿದ ಆರು ವಾರದಲ್ಲಿ ಏನು ಬದಲಾಯಿಸಬೇಕು? ಹತ್ತನೇ ವಾರದಲ್ಲಿ ಕೇಳಿದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬರೇ ಕೂರಬೇಡಿ, ಎಲ್ಲರೂ ಕೂರುವ ಕಡೆ ಕೂರಿ. ಕಂಪನಿಯ ಕೋಡ್, ಕಾಗದ ಯಾವುದನ್ನೂ ಸ್ವಂತ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಡಿ.

ನನ್ನ ಬೇಸಿಗೆ ಕಳೆದಿದ್ದು ಸ್ಯಾನ್ ಹೋಸೆ ಹತ್ತಿರ. ಊರಿಗೂ ಅಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ರಾತ್ರಿ ಊಟ. ಶನಿವಾರ ಭಾನುವಾರ ಯಾರೂ ಇಲ್ಲದೆ ಮಂಕಾಗಿದ್ದಾಗ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ವಿಷಯ ಗೊತ್ತಾಯಿತು. 1973ರಿಂದ ಇರುವ ಕೂಟ ಅದು. ಅಲ್ಲಿ ಪರಿಚಯವಾದ ಒಬ್ಬರು ಮನೆಗೆ ಕರೆದು ಬಿಸಿಬೇಳೆಬಾತ್ ಬಡಿಸಿದ ದಿನ ಎಷ್ಟೋ ಹಗುರವಾದೆ. ಇಂಟರ್ನ್‌ಶಿಪ್ ಊರಿನಲ್ಲೂ ನಮ್ಮವರನ್ನು ಹುಡುಕಿಕೊಳ್ಳಿ.

ಸಿಗದೆ ಹೋದರೆ

ಮೊದಲ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಸಿಗದವರು ಬಹಳ ಜನ ಇದ್ದಾರೆ. ಅವರು ದಡ್ಡರಲ್ಲ. ಪ್ರೊಫೆಸರ್ ಒಬ್ಬರ ಸಂಶೋಧನೆಯಲ್ಲಿ ಕ್ಯಾಂಪಸ್‌ನಲ್ಲೇ ಕೆಲಸ ಮಾಡಬಹುದು, ರಜೆಯಾದ್ದರಿಂದ ಫುಲ್‌ಟೈಮ್ ಮಾಡಲೂ ಅವಕಾಶವಿದೆ. ಜನವರಿಯಲ್ಲಿ ಸೇರಿದವರಿಗೂ ಇದೇ ಒಳ್ಳೆಯ ದಾರಿ. ಒಂದು ಗಟ್ಟಿ ಪ್ರಾಜೆಕ್ಟ್ ಮುಗಿಸಿ ಆಗಸ್ಟ್‌ನಲ್ಲಿ ಎಲ್ಲರಿಗಿಂತ ಮುಂಚೆ ಅರ್ಜಿ ಹಾಕಿ. ದುಡ್ಡಿದ್ದರೆ ಊರಿಗೆ ಹೋಗಿ ಬನ್ನಿ. ಹೋಗುವ ಮುಂಚೆ ಐ-20ರಲ್ಲಿ ಡಿಎಸ್‌ಒ ಅವರ ಟ್ರಾವೆಲ್ ಸಹಿ ಒಂದು ವರ್ಷದೊಳಗಿನದಾ, ವೀಸಾ ಅವಧಿ ಇನ್ನೂ ಇದೆಯಾ ನೋಡಿಕೊಳ್ಳಿ.

ಹೆಜ್ಜೆ 11: ಸಂಬಳದ ಚೀಟಿ ಮತ್ತು ಟ್ಯಾಕ್ಸ್

ಮೊದಲ ಸಂಬಳದ ಚೀಟಿಯನ್ನು ಸಾಲು ಸಾಲಾಗಿ ಓದಿ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ ಕಟ್ಟಬೇಕಿಲ್ಲ. ಎರಡೂ ಸೇರಿ ಶೇ. 7.65. ತಿಂಗಳಿಗೆ 4,000 ಡಾಲರ್ ಸಂಬಳವಾದರೆ 306 ಡಾಲರ್, ಸಣ್ಣ ಮೊತ್ತವಲ್ಲ. ನನ್ನ ಚೀಟಿಯಲ್ಲಿ ಅದನ್ನು ಹಿಡಿದಿದ್ದರು. ಪೇರೋಲ್ ನೋಡುವವರಿಗೆ ಎಫ್-1 ಅಂತ ವಿವರಿಸಿ ಮೇಲ್ ಬರೆದೆ, ಮುಂದಿನ ಸಂಬಳದಲ್ಲಿ ವಾಪಸ್ ಬಂತು. ಆದಾಯ ತೆರಿಗೆ ಮಾತ್ರ ಹಿಡಿಯುತ್ತಾರೆ, ಅದು ಸರಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ರಾಜ್ಯದ ತೆರಿಗೆಯೂ ಇದೆ. ಟೆಕ್ಸಾಸ್, ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ.

ಮುಂದಿನ ಜನವರಿ ಕೊನೆಯ ಹೊತ್ತಿಗೆ ಕಂಪನಿ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯ ವಿವರ, ಕಳಿಸುತ್ತದೆ. ನಿಮ್ಮ ಹೊಸ ವಿಳಾಸ ಅವರ ಹತ್ತಿರ ಇರಲಿ. ಏಪ್ರಿಲ್ 15ರೊಳಗೆ ತೆರಿಗೆ ಇಲಾಖೆಗೆ 1040-ಎನ್‌ಆರ್ (ನಾನ್‌ರೆಸಿಡೆಂಟ್‌ಗಳ, ಅಂದರೆ ತೆರಿಗೆ ಲೆಕ್ಕದಲ್ಲಿ ಇಲ್ಲಿನ ನಿವಾಸಿಗಳಲ್ಲದವರ ಆದಾಯದ ಫಾರಂ) ಮತ್ತು 8843 (ವಿದ್ಯಾರ್ಥಿಯಾಗಿ ಇಲ್ಲಿದ್ದ ದಿನಗಳನ್ನು ತಿಳಿಸುವ ಫಾರಂ) ಕಳಿಸಬೇಕು. ಅಮೆರಿಕದವರು ಬಳಸುವ ಮಾಮೂಲಿ ಟ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ 1040 ತುಂಬಿಬಿಡುವುದು ತುಂಬಾ ಜನ ಮಾಡುವ ತಪ್ಪು. ನಾನ್‌ರೆಸಿಡೆಂಟ್‌ಗಳಿಗೆ ಬೇರೆ ಸಾಫ್ಟ್‌ವೇರ್ ಇದೆ, ಅನೇಕ ವಿಶ್ವವಿದ್ಯಾಲಯಗಳು ಅದನ್ನು ಪುಕ್ಕಟೆ ಕೊಡುತ್ತವೆ. ಭಾರತದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21(2)ನೇ ವಿಧಿಯ ಪ್ರಕಾರ ನಾವು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. 2024ರ ಆದಾಯಕ್ಕೆ ಅದು 14,600 ಡಾಲರ್ ಇತ್ತು. ಬೇರೆ ದೇಶಗಳ ಹೆಚ್ಚಿನ ಗೆಳೆಯರಿಗೆ ಇದು ಇಲ್ಲ. ಆದ್ದರಿಂದ ಅವರ ಫಾರಂ ನೋಡಿ ನಿಮ್ಮದನ್ನು ತುಂಬಬೇಡಿ. ಆ ವರ್ಷ ಏನೂ ಸಂಪಾದಿಸದಿದ್ದರೂ 8843 ಕಳಿಸಬೇಕು.

ಡಬ್ಲ್ಯೂ-2, ಕಳಿಸಿದ ಫಾರಂಗಳ ಪ್ರತಿ, ಆಫರ್ ಪತ್ರ, ಬಂದ ಎಲ್ಲ ಐ-20 ಒಂದು ಫೈಲ್‌ನಲ್ಲಿ ಹಾಕಿಡಿ. ಹೊಸದು ಬಂತು ಅಂತ ಹಳೆಯ ಐ-20 ಎಸೆಯಬೇಡಿ. ಪದವಿ ಮುಗಿಯುವ 90 ದಿನ ಮುಂಚಿನಿಂದ ಒಪಿಟಿ ಅರ್ಜಿ ಹಾಕಬಹುದು. ಆಗ ಸಿಪಿಟಿ ಇದ್ದ ಆ ಪುಟವನ್ನು ಜೊತೆಗಿಡಬೇಕಾಗುತ್ತದೆ.